ಆವಿ ಏಳುವ ಊರಿಗೆ ಒಬ್ಬಳೇ

ನಾನು ಮನೆಯಿಂದ ಹೊರಗೆ ಕಾಲಿಟ್ಟ ಮೇಲೆ ಏನೂ ಆಗದೆ ವಾಪಸ್ ಬಂದದ್ದೇ ಇಲ್ಲ. ಮಾರ್ಕೆಟ್ಟಿಗೆ ಕೊತ್ತಂಬರಿ ಸೊಪ್ಪು ತರಲು ಹೋದರೂ ಒಂದು ಕಥೆ ತರುತ್ತೇನೆ, ಸೊಪ್ಪು ಮರೆತು ಬರುತ್ತೇನೆ. ಅಂಥವಳು ನಲವತ್ತಾರನೇ ವಯಸ್ಸಿನಲ್ಲಿ ಸಿಂಗಾಪುರದಿಂದ ನ್ಯೂಜಿಲೆಂಡಿನ ರೋಟೊರುವಾಗೆ ಒಬ್ಬಳೇ ಹೊರಟೆ. ನೆಲದಿಂದ ಆವಿ ಏಳುವ, ಹೊಂಡಗಳಲ್ಲಿ ಕೆಸರು ಕೊತಕೊತ ಕುದಿಯುವ ಊರು ಅದು. ಮಗಳ ಶಾಲೆಯ ಪ್ರಾಜೆಕ್ಟ್‌ಗೆ ಚಿತ್ರ ಹುಡುಕುವಾಗ ನೋಡಿದ್ದೆ. ಅಂದಿನಿಂದ ಮನಸ್ಸು ಅಲ್ಲೇ ಇತ್ತು. ನಮ್ಮವರಿಗೆ ಪಾಸಿರ್ ಪಂಜಾಂಗ್ ಬಂದರಿನಲ್ಲಿ ಶಿಫ್ಟು, ಮಗಳಿಗೆ ಪರೀಕ್ಷೆ. "ನೀನು ಹೋಗಿ ಬಾ, ನಮಗೆ ಅನ್ನ ಮಾಡ್ಕೊಳ್ಳೋಕೆ ಬರುತ್ತೆ" ಅಂದರು ಇವರು. ಆದರೆ ನನಗೆ ಒಬ್ಬಳೇ ಓಡಾಡಿ ಗೊತ್ತೇ ಇರಲಿಲ್ಲ. ಸಿಂಗಾಪುರದ ಅಂಚಿನ ಟುವಾಸ್‌ಗೆ ಕೆಲಸಕ್ಕೆ ಒಬ್ಬಳೇ ಹೋಗುತ್ತಿದ್ದೆ ನಿಜ. ಅದೂ ಫ್ಯಾಕ್ಟರಿ ಬಸ್ಸಿನಲ್ಲಿ, ಇನ್ನೂ ನಲವತ್ತು ಜನರ ಜೊತೆ.

೧. ರಜೆ

ಫ್ಯಾಕ್ಟರಿಯಲ್ಲಿ ನನ್ನ ಕೆಲಸ ಬಾಯ್ಲರ್‌ಗಳ ಸೇಫ್ಟಿ ವಾಲ್ವ್ ಟೆಸ್ಟ್ ಮಾಡುವುದು. ಆ ವರ್ಷಗಳಲ್ಲಿ ಆರ್ಡರ್ ಮೇಲೆ ಆರ್ಡರ್. ರಜೆ ಕೇಳುವವರನ್ನು ಎಲ್ಲರೂ ಅಪರಾಧಿಯ ಹಾಗೆ ನೋಡುತ್ತಿದ್ದರು. ನಮ್ಮ ಬಾಸ್, ಚೀನೀ ಹಿರಿಯರು, ನನ್ನ ಅರ್ಜಿಯನ್ನು ಎರಡು ಸಲ ಓದಿದರು.

"ಅಲ್ಲಿ ಹೋಗಿ ಏನು ನೋಡ್ತೀಯ?"

"ಆವಿ, ಸರ್."

ಅವರು ಕನ್ನಡಕ ತೆಗೆದು, ಗಾಜಿನಾಚೆ ಬುಸ್ಸೆಂದು ಆವಿ ಬಿಡುತ್ತಿದ್ದ ಬಾಯ್ಲರ್ ಕಡೆ ಕೈ ತೋರಿಸಿದರು. "ಹದಿನೇಳು ವರ್ಷದಿಂದ ಇಲ್ಲಿ ಏನು ನೋಡ್ತಿದ್ದೀಯ?"

"ಇಲ್ಲಿ ಲೀಕ್ ಆದ್ರೆ ನನ್ನನ್ನ ಕರೆಸ್ತೀರ ಸರ್. ಅಲ್ಲಿ ಲೀಕ್ ಆದ್ರೆ ಜನ ಚಪ್ಪಾಳೆ ತಟ್ತಾರೆ."

ಅವರು ಕನ್ನಡಕ ಏರಿಸಿಕೊಂಡು ಸಹಿ ಹಾಕಿದರು.

೨. ಶೂ

ಮೇಲಿನ ಮಹಡಿಯ ಅಂಕಲ್ ಆಂಟಿ ಮೈಸೂರು ಕಡೆಯವರು. ಆಂಟಿ ತಮ್ಮ ಟ್ರೆಕಿಂಗ್ ಶೂ ಕೊಟ್ಟರು. ಅದನ್ನು ಹಾಕಿಕೊಂಡು ಅವರು ಮಲೇಷ್ಯಾದಲ್ಲಿ ಯಾವುದೋ ಬೆಟ್ಟ ಹತ್ತಿದ್ದರಂತೆ. ಆ ಬೆಟ್ಟದ ಅರ್ಧ ಭಾಗ ಶೂ ಅಡಿಯಲ್ಲೇ ಉಳಿದಿತ್ತು.

ಹೊರದೇಶದ ಮಣ್ಣೆಂದರೆ ನ್ಯೂಜಿಲೆಂಡಿನವರಿಗೆ ಆಗುವುದಿಲ್ಲ. ಏರ್‌ಪೋರ್ಟಿನಲ್ಲಿ ಒಬ್ಬ ಅಧಿಕಾರಿ ಶೂ ಬಿಚ್ಚಿಸಿ, ಎರಡು ಬೆರಳಲ್ಲಿ ಹಿಡಿದುಕೊಂಡು ಒಳಗೆ ಹೋದ. ನಾನು ಸಾಕ್ಸಿನಲ್ಲಿ ನಿಂತೆ. ಬೇರೆಯವರ ಶೂ ದೆಸೆಯಿಂದ ನನ್ನನ್ನು ವಾಪಸ್ ಕಳಿಸುತ್ತಾರೇನೋ ಎಂದು ಅವನು ಹೋದ ಬಾಗಿಲನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವನು ಬಂದ. ಶೂ ತೊಳೆದು, ಉಜ್ಜಿ, ಹೊಸದರ ಹಾಗೆ ಮಾಡಿ ತಂದಿದ್ದ.

ವಾಪಸ್ ಬಂದ ಮೇಲೆ ಶೂ ಕೊಟ್ಟು ವಿಷಯ ಹೇಳಿದೆ. ಅಂಕಲ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇಷ್ಟು ಚೆನ್ನಾಗಿ ತೊಳೀತಾರೇನಮ್ಮಾ? ಮುಂದಿನ ಸಲ ಹೋಗೋವಾಗ ಹೇಳು, ಹಾಲ್ ಕಾರ್ಪೆಟ್ ಕೊಡ್ತೀನಿ."

೩. ವಾಸನೆ

ಗೆಸ್ಟ್‌ಹೌಸಿನ ರೂಮಿಗೆ ಕಾಲಿಟ್ಟ ಕೂಡಲೇ ಕೊಳೆತ ಮೊಟ್ಟೆಯ ವಾಸನೆ. ಬಾತ್‌ರೂಮ್ ನೋಡಿದೆ, ಮಂಚದ ಕೆಳಗೆ ಬಗ್ಗಿ ನೋಡಿದೆ, ಕೊನೆಗೆ ಅನುಮಾನ ಬಂದು ನನ್ನ ಸಾಕ್ಸನ್ನೇ ಮೂಸಿದೆ. ಕೆಳಗೆ ಹೋಗಿ ಮನೆಯೊಡತಿಗೆ, "ಡ್ರೈನ್ ಕಟ್ಟಿಕೊಂಡಿದೆ, ಬೇರೆ ರೂಮ್ ಕೊಡಿ" ಎಂದೆ. ಆಕೆ ಇನ್ನೊಂದು ರೂಮ್ ತೋರಿಸಿದಳು. ಅದೇ ವಾಸನೆ. ಮತ್ತೊಂದು, ಅಲ್ಲೂ ಅದೇ. ಆಮೇಲೆ ಬಾಗಿಲಾಚೆ ಕರೆದುಕೊಂಡು ಹೋಗಿ ಬೀದಿಯುದ್ದಕ್ಕೂ ಏಳುತ್ತಿದ್ದ ಆವಿ ತೋರಿಸಿದಳು.

"ಅದು ನೆಲದೊಳಗಿನ ಗಂಧಕ, ಡಿಯರ್. ರೂಮ್ ಬೇಕಾದಷ್ಟು ಸಲ ಬದಲಾಯಿಸ್ತೀನಿ. ಊರು ಬದಲಾಯಿಸೋಕೆ ನನ್ನಿಂದ ಆಗಲ್ಲ."

೪. ಸೋಪು

ಅಲ್ಲಿನ ಒಂದು ಬಿಸಿನೀರ ಬುಗ್ಗೆ ದಿನಾ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಚಿಮ್ಮುತ್ತದೆ. ಹೇಗೆ? ಗೈಡ್ ಬಂದು ಅದರ ಬಾಯಿಗೆ ಸೋಪು ಹಾಕುತ್ತಾನೆ! ಮೊದಲು ನೊರೆ, ಆಮೇಲೆ ತೆಂಗಿನಮರದೆತ್ತರ ನೀರು. ನಾನು ಪುಳಕಿತಳಾಗಿ ಮೈಸೂರಿನಲ್ಲಿದ್ದ ಅತ್ತೆಗೆ ಫೋನ್ ಮಾಡಿ ವರ್ಣಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಸೋಪು ಜಾಸ್ತಿಯಾದ್ರೆ ನಮ್ಮನೆ ವಾಷಿಂಗ್ ಮೆಷಿನ್ನೂ ಹಾಗೇ ಉಕ್ಕುತ್ತೆ ಕಣಮ್ಮ. ಅದಕ್ಕೆ ಅಷ್ಟು ದೂರ ಹೋದ್ಯಾ?"

೫. ರಾಫ್ಟ್

ರಬ್ಬರ್ ದೋಣಿಯಲ್ಲಿ ಜಲಪಾತ ಇಳಿಯುವ ಆಟಕ್ಕೆ ಹೆಸರು ಕೊಟ್ಟಿದ್ದೆ. ಯಾಕೆ ಕೊಟ್ಟೆನೋ, ಆ ದೇವರೇ ಬಲ್ಲ. ಮೈಗಂಟುವ ರಬ್ಬರ್ ಸೂಟಿನೊಳಗೆ ತೂರಿಕೊಳ್ಳುವಷ್ಟರಲ್ಲೇ ಅರ್ಧ ಪ್ರಾಣ ಹೋಗಿತ್ತು. ಅದೂ ಜಿಪ್ ಹಿಂದೆ ಬರಬೇಕಿತ್ತಂತೆ, ನನಗೆ ಮುಂದೆ ಬಂದಿತ್ತು; ಇನ್ನೊಂದು ಸಲ ಬಿಚ್ಚಿ ಹಾಕಿಕೊಂಡೆ. ದೋಣಿಯಲ್ಲಿ ಐದು ಜನ ಜರ್ಮನ್ ಹುಡುಗರು, ನಾನು, ಹಿಂದೆ ಗೈಡ್.

ಎರಡು ಮಹಡಿಯಷ್ಟು ಕೆಳಗೆ ನೀರು ಧುಮುಕುವ ಜಾಗ ಬಂತು. ಗೈಡ್ ಹೇಳಿಕೊಟ್ಟದ್ದೆಲ್ಲ ಮರೆತುಹೋಗಿ, "ಅಯ್ಯಯ್ಯೋ!" ಎಂದು ಕಿರುಚಿದೆ. ಮುಳುಗಿ ಎದ್ದೆವು. ಬದುಕಿದ್ದೆವು. ನನಗೆ ನಗು ತಡೆಯಲಾಗಲಿಲ್ಲ. ಅಷ್ಟು ಸಂತೋಷ ಮದುವೆ ದಿನವೂ ಆಗಿರಲಿಲ್ಲ.

ಮುಂದಿನ ಇಳಿಜಾರು ಬಂದಾಗ ಐದೂ ಹುಡುಗರು ಹುಟ್ಟು ಮೇಲೆತ್ತಿ ಒಟ್ಟಿಗೇ ಕೂಗಿದರು: "ಅಯ್ಯಯ್ಯೋ!" ದಡಕ್ಕೆ ಬಂದ ಮೇಲೆ ಒಬ್ಬ ಗೌರವದಿಂದ ಕೇಳಿದ, "ಇದರ ಅರ್ಥ ಏನು?"

"ಧೈರ್ಯವಾಗಿ ಮುನ್ನುಗ್ಗಿ ಅಂತ" ಎಂದೆ.

೬. ಫೋಟೋ

ವಾಪಸ್ ಬಂದ ಭಾನುವಾರ ನಮ್ಮ ಕಾಂಡೋ ಅಪಾರ್ಟ್‌ಮೆಂಟಿನ ಫಂಕ್ಷನ್ ರೂಮಿನಲ್ಲಿ ಎಂಟು ಕನ್ನಡ ಕುಟುಂಬಗಳು ಸೇರಿದ್ದವು. ಲ್ಯಾಪ್‌ಟಾಪು, ಪ್ರೊಜೆಕ್ಟರು, ಒಂದು ಪಾತ್ರೆ ಬಿಸಿಬೇಳೆಬಾತು. ಮೊದಲ ಸ್ಲೈಡಿನಲ್ಲಿ ದೊಡ್ಡ ಅಕ್ಷರದಲ್ಲಿ "ಒಬ್ಬಳೇ ಹೋದೆ" ಎಂದು ಬರೆದಿದ್ದೆ. ಫೋಟೋಗಳೆಲ್ಲ ಅಲ್ಲಲ್ಲಿ ಸಿಕ್ಕವರ ಕೈಗೆ ಫೋನ್ ಕೊಟ್ಟು ತೆಗೆಸಿಕೊಂಡವು.

ಮೂರನೇ ಫೋಟೋಗೆ ಒಬ್ಬ ಆಂಟಿ, "ಹಿಂದಗಡೆ ಕೆಂಪು ಟೋಪಿಯವರು ಯಾರು?" ಎಂದರು. ಯಾರೋ ಪ್ರವಾಸಿ, ನಾನು ಗಮನಿಸಿಯೇ ಇರಲಿಲ್ಲ. ನಾಲ್ಕನೇ ಫೋಟೋ, ಕುದಿಯುವ ಕೆಸರು, ಅದರ ಮುಂದೆ ನಾನು, ಹಿಂದೆ ಕೆಂಪು ಟೋಪಿ. ಐದನೆಯದು ಸೇತುವೆ, ಅಲ್ಲೂ ಕೆಂಪು ಟೋಪಿ. ಆರನೆಯದರಲ್ಲಿ ನಾನು ಐಸ್‌ಕ್ರೀಂ ತಿನ್ನುತ್ತಿದ್ದೇನೆ. ಹಿಂದಿನ ಬೆಂಚಿನಲ್ಲಿ ಅವನೂ ತಿನ್ನುತ್ತಿದ್ದಾನೆ.

ಬಿಸಿಬೇಳೆಬಾತಿನ ಚಮಚಗಳ ಸದ್ದು ನಿಂತಿತು.

"ಅಮ್ಮಾ, ದಿಸ್ ಅಂಕಲ್ ಎವ್ರಿವೇರ್ ಲಾ!" ಎಂದಳು ಮಗಳು, ಅವಳ ಸಿಂಗಾಪುರದ ಇಂಗ್ಲಿಷಿನಲ್ಲಿ.

"ಅಲ್ಲಿ ಎಲ್ಲರಿಗೂ ಒಂದೇ ಟೂರ್ ಬಸ್ಸು... ಒಂದೇ ಟೈಮು..." ನಾನು ವಿವರಿಸಿದಷ್ಟೂ ಆಂಟಿಯರು "ಹೌದೌದು" ಎಂದು ಇನ್ನೂ ಜೋರಾಗಿ ತಲೆಯಾಡಿಸಿದರು. ಎಲ್ಲರ ಕಣ್ಣೂ ನಮ್ಮವರ ಮೇಲೆ.

ಇವರು ನಿಧಾನಕ್ಕೆ ಎದ್ದು ಪರದೆಯ ಹತ್ತಿರ ಹೋದರು. ಕೆಂಪು ಟೋಪಿಯ ಮುಖವನ್ನೇ ಬಹಳ ಹೊತ್ತು ನೋಡಿದರು.

"ಇವನೂ ಒಬ್ಬನೇ ಬಂದಿದ್ನಾ?"

"ಹಾಗೇ ಕಾಣುತ್ತೆ" ಎಂದೆ.

ಇವರು ಉಸಿರು ಬಿಟ್ಟು ತಲೆ ಅಲ್ಲಾಡಿಸಿದರು.

"ಅವನ ಫೋಟೋಗಳಲ್ಲೆಲ್ಲ ನೀನು ಇರ್ತೀಯ ಕಣೇ. ಪಾಪ, ಅವನ ಹೆಂಡ್ತಿಗೆ ಈಗ ಏನು ಹೇಳ್ತಿದ್ದಾನೋ!"