ಪರದೆಯ ಮೇಲಿನ ಬಂಗಲೆ

ಫೋಟೋ ತೆಗೆಯುವವನ ಬಾಳಿನಲ್ಲಿ ನಗುವ ಪ್ರಸಂಗಗಳಿಗೆ ಬರವಿಲ್ಲ. ಇದ್ದ ಮುಖವನ್ನು ಇದ್ದ ಹಾಗೆ ತೆಗೆಸಿಕೊಳ್ಳಲು ಯಾರೂ ಬರುವುದಿಲ್ಲ. ಮುಂದೆ ತಾವು ಏನಾಗಬೇಕೆಂದಿದ್ದಾರೋ ಅದನ್ನು ಇವತ್ತೇ ತೆಗೆಸಿಕೊಳ್ಳಲು ಬರುತ್ತಾರೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಾನು ಬೈಲಹೊಂಗಲದ ಪೇಟೆಯಲ್ಲಿ ಅಂಗಡಿ ಇಟ್ಟೆ. ನಮ್ಮಪ್ಪ ಪಂಚಾಂಗ ನೋಡಿ ಜನರಿಗೆ ಮುಂದಿನದನ್ನು ಹೇಳುತ್ತಿದ್ದರು. ನಾನು ಅದನ್ನೇ ಬಣ್ಣದಲ್ಲಿ ಬರೆದು ತೋರಿಸತೊಡಗಿದೆ. ಇಬ್ಬರದೂ ಎಷ್ಟು ನಿಜವಾಯಿತೆಂದು ಕೇಳಬೇಡಿ.

ಅಂಗಡಿಯ ಹಿಂದೆಯೇ ನಮ್ಮ ಸಂಸಾರ. ಮುಂದಿನ ಕೋಣೆಗೆ ಬೆಳಕು ಬೇಕೆಂದು ಮಾಳಿಗೆಗೆ ಗಾಜು ಕೂರಿಸಿದ್ದೆ. ಹಿಂದಿನ ಕೋಣೆಯಲ್ಲೇ ಅಡುಗೆ, ಊಟ, ನಿದ್ದೆ. ಅದಕ್ಕೆ ಒಂದು ಕಿಟಕಿಯೂ ಇರಲಿಲ್ಲ. ಎರಡರ ನಡುವೆ ಬಿದಿರಿನ ತಟ್ಟಿ. ಹೆಂಡತಿ ಒಲೆಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಕೇಳಿದ್ದು ಒಂದೇ: "ಕಿಟಕಿ ಇರೋ ಒಂದು ಅಡಿಗಿಮನಿ ಸಿಕ್ರ ಸಾಕು ನೋಡ್ರಿ." ನಾನು "ಆಗ್ಲಿ" ಎಂದೆ. ಹಾಗೆನ್ನಲು ನನಗೆ ಏನೂ ಕಷ್ಟವಾಗಲಿಲ್ಲ.

ಬಂಗಲೆ ಎದ್ದದ್ದು

ಗಿರಾಕಿಗಳ ಬೆನ್ನ ಹಿಂದೆ ತೂಗುಹಾಕಲು ಮೊದಲು ಬರೆದದ್ದು ಬಂಗಲೆಯ ಪರದೆ. ಹನ್ನೆರಡು ಅಡಿ ಅಗಲದ ದಪ್ಪ ಬಟ್ಟೆ. ಅದರ ಮೇಲೆ ಎರಡು ಅಂತಸ್ತು, ಬಳುಕಿ ಮೇಲೇರುವ ಮೆಟ್ಟಿಲು, ಕಂಬ, ಹೂಕುಂಡ, ಎಡಕ್ಕೊಂದು ಬಲಕ್ಕೊಂದು ಹಸಿರು ಕಿಟಕಿ. ಅಂಥ ಮನೆಯನ್ನು ನಾನು ಬೆಳಗಾವಿಯಲ್ಲಿ ಗೇಟಿನ ಹೊರಗೆ ನಿಂತು ನೋಡಿದ್ದೆ, ಅಷ್ಟೆ. ಬರೆದು ಮುಗಿಸಿ ತಟ್ಟಿಗೆ ತೂಗುಹಾಕಿ, ದೊಡ್ಡ ಕಲಾವಿದನ ಗತ್ತಿನಲ್ಲಿ ಹೆಂಡತಿಯನ್ನು ಕರೆದೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು.

"ಭಾಳ ಛಂದ ಅದ. ಅಡಿಗಿಮನಿ ಎಲ್ಲೆ?"

"ಬಂಗ್ಲೆ ಅಂದ್ರ ಅಡಿಗಿಮನಿ ಹಿಂದ ಇರ್ತದ. ಮುಂದ ನಿಂತವ್ರಿಗೆ ಕಾಣೂದಿಲ್ಲ."

"ಹೌದ? ಹಂಗಾರ ನಾ ಆಗ್ಲೇ ಬಂಗ್ಲೆದಾಗ ಇದ್ದೇನಿ" ಎಂದು ಒಳಗೆ ಹೋದಳು.

ದೊಡವಾಡದ ವರ

ದೊಡವಾಡದ ಒಬ್ಬ ರೈತ ಮಗನನ್ನು ಕರೆತಂದು ಬಂಗಲೆಯ ಮುಂದೆ ನಿಲ್ಲಿಸಿ ಫೋಟೋ ತೆಗೆಸಿದ. ಆ ಫೋಟೋ ಮನೋಳಿಯ ಒಂದು ಮನೆಗೆ ಹೋಯಿತು, ಹೆಣ್ಣು ಕೇಳಲಿಕ್ಕೆ. ಹೆಣ್ಣಿನ ತಂದೆ ಫೋಟೋ ಹಿಡಿದುಕೊಂಡು ಬಸ್ಸಿನಲ್ಲಿ ದೊಡವಾಡಕ್ಕೆ ಬಂದು ಓಣಿ ಓಣಿ ಹುಡುಕಿದ. ಮೆಟ್ಟಿಲಿನ ಮನೆ ಯಾರಿಗೂ ಗೊತ್ತಿಲ್ಲ. ಕೊನೆಗೆ ವರನ ತಂದೆಯೇ ಸಿಕ್ಕು, "ಮನಿ ಬೈಲಹೊಂಗಲದಾಗ ಐತ್ರಿ, ಬರ್ರಿ" ಎಂದು ಅವನನ್ನು ನನ್ನ ಅಂಗಡಿಗೇ ಕರೆತಂದ.

"ನಾ ಏನ್ ಸುಳ್ಳ ಹೇಳಿಲ್ರಿ" ಎಂದು ವರನ ತಂದೆ ಪರದೆ ತೋರಿಸಿದ. "ಹುಡುಗ ಮುಂದ ಇಂಥಾದ್ದ ಕಟ್ಟಸಾಂವ ಅದಾನ. ಮೊದಲ ತೋರಿಸಿದ್ರ ಏನ್ ತಪ್ಪ?"

ಆ ಸಂಬಂಧ ಕೂಡಲಿಲ್ಲ. ನನಗೆ ಇವತ್ತಿಗೂ ಕೆಡುಕೆನಿಸುತ್ತದೆ. ಹುಡುಗ ಒಳ್ಳೆಯ ದುಡಿಮೆಗಾರ, ಅವರದು ಗಟ್ಟಿಮುಟ್ಟಾದ ಮಣ್ಣಿನ ಮನೆ. ನನ್ನ ಬಂಗಲೆಯಿಂದಾಗಿ ಆ ಮನೆಯ ಮರ್ಯಾದೆಯೂ ಹೋಯಿತು. ಹೆಣ್ಣಿನ ತಂದೆ ಮಾತ್ರ ಬಹಳ ಹೊತ್ತು ಪರದೆಯನ್ನು ಮುಟ್ಟಿ ಮುಟ್ಟಿ ನೋಡಿ, ಹೋಗುವಾಗ ನನ್ನನ್ನು ಕೇಳಿದ: "ಮಳಿಗಾಲದಾಗ ಇದನ್ನ ಸುತ್ತಿ ಇಡ್ತೀರಲ್ರಿ, ಆವಾಗ ಮನಿ ಮಂದಿ ಎಲ್ಲಿ ಇರಬೇಕ?"

ಗೋಡೆಯ ಮೇಲಿನ ವಕೀಲ

ಸವದತ್ತಿಯ ಕಡೆಯ ಒಬ್ಬ ಸಾಲಿ ಮಾಸ್ತರರಿಗೆ ವಕೀಲಿ ಪರೀಕ್ಷೆ ಪಾಸು ಮಾಡುವ ಹಂಬಲ. ನನ್ನಲ್ಲೊಂದು ಕರಿ ಕೋಟು ಇತ್ತು. ಮುಂಭಾಗ ಚೆನ್ನಾಗಿತ್ತು, ಬೆನ್ನನ್ನು ಇಲಿ ತಿಂದಿತ್ತು. ಅದನ್ನು ತೊಡಿಸಿ, ಕಟ್ಟಿಗೆಯಲ್ಲಿ ಮಾಡಿ ಬಣ್ಣ ಹಚ್ಚಿದ ದಪ್ಪ ದಪ್ಪ ಪುಸ್ತಕಗಳ ಪಕ್ಕಕ್ಕೆ ಕೂರಿಸಿದೆ. "ದಿನಾ ಮುಂಜಾನೆ ಎದ್ದು ಇದನ್ನ ನೋಡ್ಕೋತ ಓದ್ತೇನ್ರಿ. ಕಣ್ಣ ಮುಂದ ಇದ್ರ ಮನಸ್ಸು ಆಚೀಚೆ ಹೋಗೂದಿಲ್ಲ" ಎಂದರು ಮಾಸ್ತರರು.

ಅವರ ತಾಯಿಗೆ ಮಗನನ್ನು ಕೋಟಿನಲ್ಲಿ ಕಂಡು ಎಷ್ಟು ಸಂತೋಷವಾಯಿತೆಂದರೆ, ದಿನವೂ ದೇವರಿಗೆ ಏರಿಸಿದ ಮೇಲೆ ಒಂದು ಹೂವಿನ ಸರ ಆ ಫೋಟೋಕ್ಕೂ ಹಾಕತೊಡಗಿದರು. ಒಂದು ದಿನ ಮಾಸ್ತರರನ್ನು ಎಂದೂ ಕಂಡಿರದ ಪರ ಊರಿನ ನೆಂಟರೊಬ್ಬರು ಬಂದರು. ಗೋಡೆಯ ಮೇಲೆ ಹಾರ ಹಾಕಿದ ಎಳೆಯ ವಕೀಲ. ನೆಂಟರು ಟೊಪ್ಪಿಗೆ ತೆಗೆದು, ಕೆಳಗೆ ತಲೆ ತಗ್ಗಿಸಿ ಓದುತ್ತಿದ್ದ ಮಾಸ್ತರರನ್ನು ಮೆಲ್ಲಗೆ ಕೇಳಿದರು: "ಆಗಿ ಎಷ್ಟು ದಿನಾ ಆತ್ರಿ?"

ಮಾಸ್ತರರು ಪುಸ್ತಕದಿಂದ ತಲೆ ಎತ್ತದೆ ಹೇಳಿದರು: "ಇನ್ನೂ ಆಗಿಲ್ರಿ. ಮುಂದಿನ ತಿಂಗಳ ಅದ."

ಮುಂದಿನ ತಿಂಗಳೂ ಪಾಸಾಗಲಿಲ್ಲ. ಕಟ್ಟಿಗೆಯ ಪುಸ್ತಕ ತೆರೆಯುವುದಿಲ್ಲವೆಂದು ನಾನಾದರೂ ಅವರಿಗೆ ಹೇಳಬಹುದಿತ್ತು.

ಯರಗಟ್ಟಿಯ ಮೋಟಾರು

ಯರಗಟ್ಟಿಯ ಸಂತೆಗೆ ನಾನು ಹಲಗೆಯ ಮೇಲೆ ಬರೆದ ಮೋಟಾರನ್ನು ಬಸ್ಸಿನ ತಲೆಗೆ ಕಟ್ಟಿಸಿಕೊಂಡು ಹೋಗುತ್ತಿದ್ದೆ. ಜನ ಅದರ ಹಿಂದೆ ಕುಳಿತು ಚುಕ್ಕಾಣಿ ಹಿಡಿಯುವುದು. ಒಬ್ಬ ರೈತ ಕುಳಿತವನು ತನ್ನ ಜೋಡಿ ಎತ್ತುಗಳೂ ಬರಲೇಬೇಕೆಂದು ಹಟ ಹಿಡಿದ. ಮೋಟಾರಿಗೆ ಎತ್ತು ಏತಕ್ಕೆಂದು ಕೇಳಿದೆ.

"ಮೋಟರ ಬರೂತನಾ ಇವ ದುಡದಾವ್ರಿ. ಬಂದ ಮ್ಯಾಲ ಕೈ ಬಿಟ್ಟ ಅಂತ ಮಂದಿ ಅನಬಾರದಲ್ಲ."

ಎತ್ತುಗಳನ್ನು ಪಕ್ಕದಲ್ಲಿ ನಿಲ್ಲಿಸಿ ತೆಗೆದೆ. ಅವು ತಲೆ ಅಲುಗಾಡಿಸಿದ್ದರಿಂದ ಫೋಟೋದಲ್ಲಿ ಮೋಟಾರಿಗೆ ನಾಲ್ಕರ ಬದಲು ಎಂಟು ಕೋಡು ಬಂದವು.

ಕಿತ್ತೂರಿನ ಮನೆ

ಈ ಪ್ರಸಂಗದಲ್ಲಿ ನಕ್ಕವಳು ಹೆಂಡತಿಯೊಬ್ಬಳೇ.

ಕಿತ್ತೂರಿನಲ್ಲಿ ಒಂದು ಬಾಡಿಗೆ ಮನೆ ಖಾಲಿಯಿದೆ, ಮುಂದೆ ಅಂಗಡಿ ಇಟ್ಟುಕೊಳ್ಳಬಹುದು ಎಂದು ಗೊತ್ತಿದ್ದವರು ಹೇಳಿಕಳಿಸಿದರು. ಇಬ್ಬರೂ ಹೋದೆವು. ಅವಳು ನೇರವಾಗಿ ಒಳಗೆ ನಡೆದಳು. ಅಡುಗೆಮನೆಗೆ ಮೂಡಲ ದಿಕ್ಕಿಗೆ ಕಿಟಕಿ. ಹೊರಗೊಂದು ಬೇವಿನ ಗಿಡ. ಅವಳು ಸರಳು ಹಿಡಿದು ನಿಂತುಬಿಟ್ಟಳು. ಒಲೆ ಎಲ್ಲಿ, ಕೊಡ ಎಲ್ಲಿ ಎಂದು ಆಗಲೇ ಮನಸ್ಸಿನಲ್ಲಿ ಇಡುತ್ತಿದ್ದಳೆಂದು ಕಾಣುತ್ತದೆ.

ನಾನು ಮುಂದಿನ ಕೋಣೆಯ ಗೋಡೆಯನ್ನು ಗೇಣು ಹಾಕಿ ಅಳೆದೆ. ಒಂಬತ್ತು ಅಡಿ. ನನ್ನ ಪರದೆ ಹನ್ನೆರಡು.

"ಇಲ್ಲೆ ಬಂಗ್ಲೆ ಹಿಡಸೂದಿಲ್ಲ" ಎಂದೆ.

"ಒಂದು ಕಂಬ ಮಡಚಿ ಹಾಕ್ರಿ."

"ಮಡಚಿದ್ರ ಬಂಗ್ಲೆ ಮಾನ ಏನುಳೀತದ?"

ಅವಳು ಕಿಟಕಿಯನ್ನು ಮುಚ್ಚಿ ಅಗಳಿ ಹಾಕಿ ಬಂದು ನಕ್ಕಳು. "ನಡೀರಿ. ಬಂಗ್ಲೆಗೆ ದೊಡ್ಡ ಮನಿ ಬೇಕು. ನಾ ಎಲ್ಲೆರ ಹಿಡಸ್ತೇನಿ."

ಆ ಹೊತ್ತು ನನಗೆ ಅದು ತಮಾಷೆಯಾಗಿ ಕೇಳಿಸಿತು. ಬರೆದ ಮನೆಗಾಗಿ ಇದ್ದ ಮನೆ ಬಿಟ್ಟುಬಂದೆ. ನನ್ನಷ್ಟು ದಡ್ಡರು ನನ್ನ ಗಿರಾಕಿಗಳಲ್ಲಿ ಒಬ್ಬರೂ ಇರಲಿಲ್ಲ.

ಕಿಟಕಿಯಲ್ಲಿ ಯಾರು?

ಮತ್ತೆ ಕೆಲವು ವರ್ಷ ಹೋದವು. ಒಂದು ಸಂಜೆ ಯರಗಟ್ಟಿಯಿಂದ ತಿರುಗಿ ಬಂದು ನೋಡುತ್ತೇನೆ, ಬಂಗಲೆಯ ಬಲಗಡೆಯ ಕಿಟಕಿ ನಿಜವಾಗಿಯೂ ತೆರೆದಿದೆ! ಹೆಂಡತಿ ಕತ್ತರಿಯಿಂದ ಪರದೆಯನ್ನೂ ಈಳಿಗೆಯಿಂದ ಹಿಂದಿನ ತಟ್ಟಿಯನ್ನೂ ಮೂರು ಕಡೆ ಕೊಯ್ದು, ತುಂಡನ್ನು ಬಾಗಿಲಿನಂತೆ ಮಡಚಿ ಪಿನ್ನು ಚುಚ್ಚಿದ್ದಳು. ಮಾಳಿಗೆಯ ಗಾಜಿನ ಬೆಳಕು ಅವಳ ಒಲೆಯ ತನಕ ಹೋಗಿತ್ತು.

"ಬಂಗ್ಲೆ ಹಾಳು ಮಾಡಿದ್ಯಲ್ಲ!" ಎಂದು ಕೂಗಿದೆ.

"ಕಟ್ಟಿಸಿದಾಗಿಂದ ಗಾಳಿ ಬಂದದ್ದು ಇವತ್ತ" ಎಂದಳು, ರೊಟ್ಟಿ ಬಡಿಯುತ್ತಲೇ.

ಗಿರಾಕಿ ಬಂದಾಗ ಮುಚ್ಚಬೇಕೆಂದು ಕರಾರಾಯಿತು. ಹಾಗೆಯೇ ಮುಚ್ಚುತ್ತಿದ್ದಳು, ಒಂದು ದಿನದ ಹೊರತು. ಅಂದು ರಾಮದುರ್ಗದ ಸೀರೆ ವ್ಯಾಪಾರಿಯೊಬ್ಬರು ಬಂದರು. ಇಂಥ ಬಂಗಲೆ ಕಟ್ಟಿಸುವುದೇ ಅವರ ಜೀವನದ ಆಸೆ. ಒಬ್ಬರೇ ಮೆಟ್ಟಿಲ ಮುಂದೆ ಎದೆ ಉಬ್ಬಿಸಿ ನಿಂತರು. ಕ್ಯಾಮೆರಾದ ಗಾಜಿನಲ್ಲಿ ಎಲ್ಲ ತಲೆಕೆಳಗಾಗಿ ಕಾಣುತ್ತದೆ. ನಾನು ಅವರ ರುಮಾಲು ಸರಿಯಿದೆಯೇ ಎಂದಷ್ಟೇ ನೋಡಿ ತೆಗೆದೆ.

ಫೋಟೋ ಮೂಡುವ ಗಾಜಿನ ಪ್ಲೇಟು ತೊಳೆದಾಗ ತಿಳಿಯಿತು. ಬಲಗಡೆಯ ಕಿಟಕಿಯಲ್ಲಿ ನನ್ನ ಹೆಂಡತಿ. ಕೈಯಲ್ಲಿ ಊದುಗೊಳವಿ, ಮುಖದಲ್ಲಿ ನಗು.

ಪ್ಲೇಟಿನ ಮೇಲೆ ತೀಡಿ ಅವಳನ್ನು ಮರೆಮಾಡಿಬಿಡೋಣವೆಂದು ಪೆನ್ಸಿಲ್ ತೆಗೆದುಕೊಂಡೆ. ಆಗ ನೆನಪಾಯಿತು: ಇಷ್ಟು ವರ್ಷದಲ್ಲಿ ಅವಳ ಒಂದು ಫೋಟೋ ನಾನು ತೆಗೆದಿರಲಿಲ್ಲ. "ಛಲೋ ಮನಿ ಆಗ್ಲಿ, ಅಲ್ಲೇ ನಿಲ್ಲಿಸಿ ತೆಗೀತೇನಿ" ಎನ್ನುತ್ತಲೇ ಬಂದಿದ್ದೆ. ಪೆನ್ಸಿಲ್ ಕೆಳಗಿಟ್ಟೆ. ಅವಳದೆಂದು ಈಗ ನನ್ನಲ್ಲಿರುವುದು ಆ ಚಿತ್ರ ಒಂದೇ, ಅವಳಿಲ್ಲ. ಕಿಟಕಿಯ ಅಡುಗೆಮನೆಯನ್ನು ನಾನು ಕೊನೆಯತನಕ ಕೊಡಲಿಲ್ಲ.

ಅಂದು ಫೋಟೋವನ್ನು ಹಾಗೆಯೇ ಕೊಟ್ಟುಬಿಟ್ಟೆ. ವಾರ ಕಳೆದು ವ್ಯಾಪಾರಿ ಅದನ್ನು ಹಿಡಿದುಕೊಂಡು ಉರಿಯುತ್ತ ಬಂದರು.

"ಯಾರ್ರಿ ಈಕಿ, ನನ್ನ ಬಂಗ್ಲೆದಾಗ? ನಮ್ಮ ಮನ್ಯಾಕಿ ಅನ್ನಾ ನೀರಾ ಬಿಟ್ಟ ಕುಂತಾಳ! ಬಂಗ್ಲೆ ಕಟ್ಟಸೂಕಿಂತ ಮೊದಲ ಒಬ್ಬಾಕಿನ್ನ ತಂದ ಇಟ್ಟಿಯೇನ ಅಂತಾಳ!"

ಅಷ್ಟರಲ್ಲಿ ಪರದೆಯ ಕಿಟಕಿ ತೆರೆದು, ಅದೇ ಮುಖ, ಅದೇ ಊದುಗೊಳವಿ ಹೊರಗೆ ಬಂತು.

"ನಿಮ್ಮ ಮನಿಯವ್ರಿಗೆ ಹೇಳ್ರಿ, ಅಂಜಬ್ಯಾಡ್ರಿ ಅಂತ. ನೀವು ಒಂದು ಗಳಿಗಿ ಮುಂದ ನಿಂತು ಹೋದವ್ರು. ಈ ಬಂಗ್ಲೆದಾಗ ಸಂಸಾರ ಮಾಡೋಕಿ ನಾನು."