ಎಲ್ಲ ಬಲ್ಲ ಗುಮಾಸ್ತ

ಹೊಲಿಗೆ ಯಂತ್ರದ ಬಿಡಿಭಾಗಗಳ ಗೋದಾಮಿನಲ್ಲಿ ದಾಸ್ತಾನು ಲೆಕ್ಕ ಇಡುವ ಗುಮಾಸ್ತನ ನೆಮ್ಮದಿ ಕೆಡಿಸಿದ್ದು ಒಂದು ಅಳತೆ ಟೇಪು. ಹಿಂದಿನ ದಿನ ಸಂಜೆ ಮುಖ್ಯ ಕಚೇರಿಯಿಂದ ಬಂದವನೊಬ್ಬ ಯಾರೊಂದಿಗೂ ಮಾತಾಡದೆ ಅಲ್ಲಿನ ನಾಲ್ಕೂ ಮೇಜುಗಳನ್ನು ಅಳೆದು, ಚೀಟಿಯಲ್ಲಿ ಏನೋ ಗೀಚಿಕೊಂಡು ಹೊರಟುಹೋಗಿದ್ದ. ಮೇಜು ಅಳೆಯುವುದು ಅಪರಾಧವೇನಲ್ಲ. ಆದರೆ ಮಾಲು ರವಾನೆ ನೋಡಿಕೊಳ್ಳುವವನನ್ನು ಗೋದಾಮಿನಲ್ಲಿ ಎಲ್ಲರೂ ರೇಡಿಯೊ ಎಂದೇ ಕರೆಯುತ್ತಿದ್ದರು, ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ. "ಮೇಜೇ ಮಾರ್ತಾರೆ ಅಂದ್ಮೇಲೆ ಅದರ ಹಿಂದೆ ಕೂತಿರೋರನ್ನ ಇಟ್ಕೊಂಡು ಏನ್ಮಾಡ್ತಾರೆ?" ಎಂದು ರೇಡಿಯೊ ಕೇಳಿದ್ದು ಒಂದೇ ಪ್ರಶ್ನೆ. ಗುಮಾಸ್ತ ಮನೆಗೆ ಹೋದವನೇ ಹೆಂಡತಿಗೆ ಎಲ್ಲ ಹೇಳಿದ.

ಅವನಿಗೆ ನಲವತ್ತೇಳು ವಯಸ್ಸು. ಇಪ್ಪತ್ತೆರಡು ವರ್ಷಗಳಿಂದ ಸೂಜಿ, ಬಾಬಿನ್, ಬೆಲ್ಟುಗಳನ್ನು ಎಣಿಸಿದ್ದು ಬಿಟ್ಟರೆ ಬೇರೇನೂ ಮಾಡಿದವನಲ್ಲ. ಮಗಳು ಕಾಲೇಜಿನ ಎರಡನೇ ವರ್ಷದಲ್ಲಿದ್ದಳು. ಈ ಕೆಲಸ ಹೋದರೆ ತನ್ನನ್ನು ಕರೆದು ಕುರ್ಚಿ ಕೊಡುವವರು ಯಾರೂ ಇಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಹೆದರಿದ್ದ.

ಹೆಂಡತಿ ತನ್ನ ತಮ್ಮನಿಗೆ ಫೋನು ಮಾಡಿದಳು. ಬೆಳಿಗ್ಗೆ ಆರೂವರೆಗೆಲ್ಲ ಭಾಮೈದ ಹಾಜರ್. ಹತ್ತು ವರ್ಷದಲ್ಲಿ ಆರು ಕೆಲಸ ಕಳೆದುಕೊಂಡಿದ್ದರಿಂದ ಈ ವಿಷಯದಲ್ಲಿ ಮನೆತನಕ್ಕೆಲ್ಲ ಅವನೇ ಪಂಡಿತ.

"ಭಾವ, ಕೆಲಸ ಹೋಗೋಕೆ ಮುಂಚೆನೇ ಹೋದೋರ ಥರ ಬದುಕ್ಬೇಕು. ಆಮೇಲೆ ನಿಜವಾಗ್ಲೂ ಹೋದ್ರೆ ಗೊತ್ತೇ ಆಗಲ್ಲ," ಎಂದ.

"ಗೊತ್ತಾಗದೆ ಹೇಗಿರುತ್ತೆ ಮಾರಾಯ?"

"ಮೊದ್ಲು ದುಡ್ಡು. ಆರು ತಿಂಗಳ ಮನೆಖರ್ಚು ಕೈಲಿರ್ಬೇಕು. ಇದ್ಯಾ?"

ಗುಮಾಸ್ತ ಹೆಂಡತಿಯ ಮುಖ ನೋಡಿದ. ಅವಳು ಮನಸ್ಸಿನಲ್ಲೇ ಕೂಡಿಸಿ ಕಳೆದು, ತಮ್ಮನ ಕಡೆ ತಿರುಗಿ, "ಎರಡು ತಿಂಗಳಿಗಾಗುತ್ತೆ, ನೀನು ಊಟಕ್ಕೆ ಬರದೇ ಇದ್ರೆ," ಎಂದಳು.

ತಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಖರ್ಚು ಇವತ್ತಿಂದಲೇ ಕಡಿಮೆಯಾಗಬೇಕು ಎಂದು ಅಪ್ಪಣೆಯಾಯಿತು. ಗುಮಾಸ್ತ ಬಾಗಿಲಿಗೆ ಹೋಗಿ ಹಾಲಿನವನಿಗೆ, "ನಾಳೆಯಿಂದ ಅರ್ಧ ಲೀಟರ್ ಸಾಕಪ್ಪ," ಎಂದು ಆದಷ್ಟು ಮೆತ್ತಗೆ ಹೇಳಿದ. ಎಷ್ಟು ಮೆತ್ತಗೆ ಹೇಳಿದರೇನು, ಎದುರು ಮನೆಯ ನಿವೃತ್ತ ಹೆಡ್‌ಮಾಸ್ತರರು ಆ ಹೊತ್ತಿಗೆ ಸರಿಯಾಗಿ ತಮ್ಮ ಬಾಗಿಲಲ್ಲೇ ಪಾತ್ರೆ ಹಿಡಿದು ನಿಂತಿದ್ದರು.

ಒಳಗೆ ಭಾಮೈದ ಲ್ಯಾಪ್‌ಟಾಪ್ ತೆರೆದು, ಗುಮಾಸ್ತನ ಅರ್ಹತೆಗಳ ಪಟ್ಟಿ ತಯಾರಿಸಲು ಕೂತಿದ್ದ.

"ಬಿಲ್ಲಿಂಗ್ ಬರುತ್ತಾ ಭಾವ?"

"ಅದನ್ನ ಬಿಲ್ಲಿನ ಮೇಡಂ ನೋಡ್ಕೋತಾರೆ."

"ಅವರು ರಜಾ ಹಾಕಿದಾಗ?"

"ಒಂದ್ಸಲ ಎರಡು ದಿನ ನಾನೇ ಮಾಡಿದ್ದೆ. ತಪ್ಪಾಗಿತ್ತು."

"ಬಿಲ್ಲಿಂಗ್‌ನಲ್ಲಿ ಅನುಭವ ಇದೆ," ಎನ್ನುತ್ತ ಭಾಮೈದ ಟಕಟಕ ಒತ್ತಿದ. "ಪ್ಯಾಕಿಂಗು?"

"ಒಂದ್ಸಲ ಡಬ್ಬಕ್ಕೆ ಹಗ್ಗ ಕಟ್ಟಿದ್ದೆ ಕಣೋ."

"ಪ್ಯಾಕಿಂಗ್‌ನಲ್ಲಿ ಪರಿಣತಿ. ರವಾನೆ?"

"ಲಾರಿಯವನಿಗೆ ದಾರಿ ಹೇಳಿದ್ದೆ."

ಏಳೂಕಾಲರ ಹೊತ್ತಿಗೆ ಗೋದಾಮಿನ ಇಡೀ ವ್ಯವಹಾರವನ್ನು ಒಬ್ಬಂಟಿಯಾಗಿ ನಿಭಾಯಿಸಬಲ್ಲ ಮಹಾಪುರುಷನೊಬ್ಬ ಪರದೆಯ ಮೇಲೆ ತಯಾರಾಗಿದ್ದ. ಗುಮಾಸ್ತ ಓದಿ ನೋಡಿದ. ಅಂಥವನ ಪರಿಚಯ ತನಗೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು.

"ಇಷ್ಟೊಂದು ಸುಳ್ಳು ಬೇಕಾ?"

"ಎಲ್ಲಾರೂ ಹೀಗೇ ಬರಿಯೋದು ಭಾವ. ಓದೋರೂ ಅರ್ಧ ಕಳೆದೇ ಓದ್ತಾರೆ."

ಅಷ್ಟರಲ್ಲಿ ಹೆಡ್‌ಮಾಸ್ತರರು ಕೈಯಲ್ಲೊಂದು ಕಪ್ಪು ಕೋಟು ಹಿಡಿದು ಒಳಗೆ ಬಂದೇ ಬಿಟ್ಟರು. "ನೀನೇನೂ ಹೇಳ್ಬೇಡ ಕಣಪ್ಪ. ಹಾಲು ಅರ್ಧ ಆದಾಗ್ಲೇ ನಂಗೆ ಅರ್ಥವಾಯ್ತು. ಇದನ್ನ ಹಾಕ್ಕೊಂಡು ಫೋಟೋ ತೆಗೆಸ್ಕೋ. ನಾನು ಹೆಡ್‌ಮಾಸ್ಟರ್ ಆಗಿದ್ದು ಇದರಲ್ಲೇ."

ಹೆಡ್‌ಮಾಸ್ತರರ ಮೈಕಟ್ಟು ಬೀರುವಿನಷ್ಟಿತ್ತು. ಕೋಟಿನೊಳಗೆ ಗುಮಾಸ್ತನನ್ನು ಹುಡುಕಬೇಕಾಯಿತು. ಹೆಂಡತಿ ಬೆನ್ನ ಹಿಂದೆ ಬಟ್ಟೆ ಮಡಿಸಿ ಮಡಿಸಿ ಎಂಟು ಪಿನ್ನು ಚುಚ್ಚಿದಳು. ಮುಂದಿನಿಂದ ನೋಡಿದರೆ ಏನೋ ಗಣ್ಯ ವ್ಯಕ್ತಿ. ಬೇಡ ಎನ್ನುವ ಧೈರ್ಯ ಅವನಿಗೆ ಆಗಲಿಲ್ಲ. ಹಿರಿಯರು ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದರು. ಸ್ಟುಡಿಯೋದಲ್ಲಿ ಫೋಟೋ ಆದಮೇಲೆ ಕೋಟು ಬಿಚ್ಚಲು ಹೋದ. ಬೆನ್ನಿನ ಪಿನ್ನುಗಳು ಕೈಗೆ ಎಟುಕಲಿಲ್ಲ. ಫೋಟೋದವನಿಗೆ ಬೇರೆ ಗಿರಾಕಿ ಬಂದಿದ್ದರು. ಹೊತ್ತಾಗುತ್ತಿತ್ತು. ಹಾಗೇ ಗೋದಾಮಿಗೆ ಹೋದ.

ರೇಡಿಯೊ ಬಾಗಿಲಲ್ಲೇ ಹಿಡಿದ. "ಏನ್ ಗುರುಗಳೇ, ಎಲ್ಲಿಂದ ಬರ್ತಿದೀರಿ?"

"ಫೋಟೋ ತೆಗೆಸ್ಕೊಂಡು ಬಂದೆ."

"ಯಾವುದಕ್ಕೆ?"

"ಸುಮ್ನೆ."

"ಕೋಟು ಹಾಕ್ಕೊಂಡು ಯಾರೂ ಸುಮ್ನೆ ಫೋಟೋ ತೆಗೆಸ್ಕೊಳ್ಳಲ್ಲ," ಎಂದು ರೇಡಿಯೊ ಒಳಗೆ ಹೋದ.

ಹತ್ತು ಗಂಟೆಗೆ ಗುಮಾಸ್ತನಿಗೆ ಬೇರೆ ಕಂಪನಿಯಿಂದ ಕರೆ ಬಂದಿತ್ತು. ಹತ್ತೂವರೆಗೆ ಸಂಬಳ ಎರಡರಷ್ಟಾಯಿತು. ಹನ್ನೊಂದಕ್ಕೆ ಕಾರು ಕೊಡುತ್ತಾರಂತೆ. ಇವಿಷ್ಟೂ ಗುಮಾಸ್ತನಿಗೆ ಗೊತ್ತಾಗಿದ್ದು ಪ್ಯಾಕಿಂಗಿನ ಅಣ್ಣ ಬಂದು ಪಕ್ಕದಲ್ಲಿ ಕೂತಾಗ. "ಅಲ್ಲಿ ಡಬ್ಬ ಕಟ್ಟೋರು ಬೇಕಿದ್ರೆ ನನ್ನ ಮರೀಬೇಡಿ," ಎಂದು ಅವರು ಪಿಸುಗುಟ್ಟಿದರು. ಬಿಲ್ಲಿನ ಮೇಡಂ ಮುಖ ಊದಿಸಿಕೊಂಡಿದ್ದರು. ಇಷ್ಟು ವರ್ಷ ಎದುರುಬದುರು ಕೂತು ಒಂದು ಮಾತೂ ಹೇಳಲಿಲ್ಲವಲ್ಲ ಎಂಬ ಸಿಟ್ಟು. ಇಲ್ಲ ಇಲ್ಲ ಎಂದು ಗುಮಾಸ್ತ ಆಣೆ ಪ್ರಮಾಣ ಮಾಡಿದಷ್ಟೂ ಅವರಿಗೆ ಅನುಮಾನ ಗಟ್ಟಿಯಾಯಿತು.

ಆ ಗೋದಾಮಿನಲ್ಲಿ ಇದ್ದದ್ದು ಒಂದೇ ಪ್ರಿಂಟರು, ಅದರದ್ದೊಂದು ಪದ್ಧತಿ. ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಅದರ ಟ್ರೇಯಲ್ಲಿ ಎಷ್ಟು ಕಾಗದ ಇರುತ್ತದೋ ಅಷ್ಟನ್ನೂ ರೇಡಿಯೊ ಒಟ್ಟುಗೂಡಿಸಿ, ತೂತು ಹೊಡೆದು, ದಾರ ಕಟ್ಟಿ ಮ್ಯಾನೇಜರ ಮೇಜಿನ ಮೇಲಿಡಬೇಕು. ಮ್ಯಾನೇಜರು ಅದನ್ನು ನೋಡಿ ಮುಖ್ಯ ಕಚೇರಿಗೆ ಕಳಿಸಬೇಕು. ಊರಿನ ಸುದ್ದಿಯೆಲ್ಲ ಬೇಕಾದ ರೇಡಿಯೊ, ಆ ಕಾಗದಗಳನ್ನು ಮಾತ್ರ ಒಂದು ದಿನವೂ ಓದಿದವನಲ್ಲ. ಅದು ಕೆಲಸವಾಗಿತ್ತಲ್ಲ, ಅದಕ್ಕೆ.

ಭಾಮೈದ ಕಳಿಸಿದ್ದ ಅರ್ಹತೆಗಳ ಪಟ್ಟಿಯನ್ನು ಗುಮಾಸ್ತ ಪ್ರಿಂಟಿಗೆ ಕೊಟ್ಟಿದ್ದು ಹನ್ನೆರಡಕ್ಕೆ ಐದು ನಿಮಿಷ ಇರುವಾಗ. ಎದ್ದು ಹೋಗಿ ತಂದುಕೊಳ್ಳಬೇಕು ಅನ್ನುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಒಬ್ಬ ಟೈಲರು, ತನಗೆ ಬಂದ ಬೆಲ್ಟು ಗಿಡ್ಡವೋ, ಇಲ್ಲ ತನ್ನ ಯಂತ್ರವೇ ಉದ್ದವೋ ಎಂದು ತಿಳಿಯಲು ಹತ್ತು ನಿಮಿಷ ತೆಗೆದುಕೊಂಡ. ಗುಮಾಸ್ತ ಓಡಿಹೋದಾಗ ಟ್ರೇ ಖಾಲಿ. ಮ್ಯಾನೇಜರ ಕೋಣೆಯ ಗಾಜಿನಾಚೆ, ಅವರು ಕನ್ನಡಕ ಹಣೆಗೇರಿಸಿ ಒಂದು ಕಾಗದವನ್ನು ಎರಡೆರಡು ಸಲ ಓದುತ್ತಿದ್ದುದು ಕಾಣಿಸಿತು.

ಎರಡೂವರೆಗೆ ಕರೆ ಬಂತು.

"ಇದು ನಿಮ್ಮದೇನ್ರಿ?" ಎಂದು ಮ್ಯಾನೇಜರು ಕಾಗದ ತೋರಿಸಿದರು.

"ಹೌದು ಸಾರ್."

"ಇದರಲ್ಲಿರೋದೆಲ್ಲ ನಿಜಾನಾ?"

ಸುಳ್ಳು ಅಂದರೆ ಸುಳ್ಳುಗಾರನೆಂದು ಇವತ್ತೇ ಕಳಿಸುತ್ತಾರೆ. ನಿಜ ಅಂದರೆ ಬೇರೆ ಕಡೆ ಕೆಲಸ ಹುಡುಕುತ್ತಿದ್ದೀಯಾ ಎಂದು ಕಳಿಸುತ್ತಾರೆ. "ನಿಜ ಸಾರ್," ಎಂದ.

"ಬಿಲ್ಲಿಂಗು, ಪ್ಯಾಕಿಂಗು, ರವಾನೆ, ಎಲ್ಲಾನೂ ಒಬ್ಬರೇ ಮಾಡ್ತೀರಾ?"

"ಮಾಡ್ತೀನಿ ಸಾರ್."

"ಆದ್ರೆ ಬೇರೆ ಕಡೆ ಹೋಗ್ತಿದೀರಂತಲ್ಲ. ಕೋಟು ಬೇರೆ ಹಾಕಿದೀರಿ."

"ಎಲ್ಲೂ ಹೋಗಲ್ಲ ಸಾರ್. ನನಗೆ ಈ ಕೆಲಸವೇ ಬೇಕು."

"ವರ್ಷದ ಕೊನೆವರೆಗೂ ಬಿಟ್ಟು ಹೋಗಲ್ಲ ಅಂತ ಬರೆದು ಕೊಡ್ತೀರಾ?"

ಗುಮಾಸ್ತ ನಿಂತಲ್ಲೇ ಬರೆದು, ಸಹಿ ಹಾಕಿ, ತಾರೀಖನ್ನೂ ನಮೂದಿಸಿ ಕೊಟ್ಟ. ಹೊರಗೆ ಬಂದಾಗ ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು. ಹೆಂಡತಿಗೆ ಫೋನು ಮಾಡಿ, "ಉಳೀತು ಕಣೆ. ಹಾಲು ಒಂದು ಲೀಟರೇ ಇರಲಿ," ಎಂದ.

ನಾಲ್ಕು ಗಂಟೆಗೆ ಮೂರು ಮೇಜುಗಳ ಮೇಲೆ ಮೂರು ಕವರು ಬಂದವು. ಗುಮಾಸ್ತನ ಮೇಜಿಗೆ ಬರಲಿಲ್ಲ. ಅವನಿಗೆ ವಿಷಯ ಅರ್ಥವಾಯಿತು, ಕೆಲಸ ಹೋಗಿದ್ದು ಅವರಿಗೆ. ಇಪ್ಪತ್ತು ವರ್ಷ ಜೊತೆಗೆ ಕೂತು ಚಹಾ ಕುಡಿದವರು. ತಲೆ ಎತ್ತಿ ಅವರ ಮುಖ ನೋಡಲೂ ಅವನಿಗೆ ಆಗಲಿಲ್ಲ.

ರೇಡಿಯೊ ಕವರು ಒಡೆದು ಓದಿದ. ಅವನು ಬಂದಾಗಿನಿಂದ ಮೊದಲ ಬಾರಿಗೆ ಗೋದಾಮು ನಿಶ್ಶಬ್ದವಾಯಿತು.

"ಮೇಡಂ, ನಿಮ್ಮದರಲ್ಲೂ ಹದಿನೆಂಟು ತಿಂಗಳು ಅಂತಾನೇ ಇದ್ಯಾ?" ಎಂದು ಕೊನೆಗೆ ಕೇಳಿದ.

"ಇದೆ ಕಣೋ. ಹದಿನೆಂಟು ತಿಂಗಳ ಸಂಬಳ, ಒಂದೇ ಕಂತಲ್ಲಿ," ಎಂದು ಬಿಲ್ಲಿನ ಮೇಡಂ ಕಣ್ಣೊರೆಸಿಕೊಂಡರು. ಅವರಿಗೆ ಇನ್ನೊಂದು ವರ್ಷಕ್ಕೆ ನಿವೃತ್ತಿಯಿತ್ತು. ಪ್ಯಾಕಿಂಗಿನ ಅಣ್ಣ ತಮ್ಮ ಕಾಗದವನ್ನು ಬೇರೆಯವರಿಂದ ಇನ್ನೊಮ್ಮೆ ಓದಿಸಿಕೊಂಡು, ಒಂದು ಡಬ್ಬದ ಮೇಲೆ ಕೂತು ನಗತೊಡಗಿದರು. ರೇಡಿಯೊ ಆಗಲೇ ಫೋನಿನಲ್ಲಿ ಯಾರಿಗೋ ಮಳಿಗೆ ಬಾಡಿಗೆ ವಿಚಾರಿಸುತ್ತಿದ್ದ. ನಡುವೆ ಗುಮಾಸ್ತನ ಕಡೆ ತಿರುಗಿ, "ಪಾಪ, ನಿಮಗೆ ಬರ್ಲಿಲ್ವಾ?" ಎಂದ.

ಗುಮಾಸ್ತ ಎದ್ದು ಮ್ಯಾನೇಜರ ಕೋಣೆಗೆ ಹೋದ. ಅವರು ತಮ್ಮ ಡ್ರಾಯರು ಖಾಲಿ ಮಾಡುತ್ತಿದ್ದರು. ಅವರ ಜೇಬಿನಲ್ಲೂ ಅಂಥದೇ ಕವರಿತ್ತು.

"ಸಾರ್, ನನ್ನ ಕವರು?"

"ನಿಮಗೆಲ್ಲಿಯ ಕವರು? ಬೆಳಿಗ್ಗೆ ಪಟ್ಟೀಲಿ ನಾಲ್ಕೂ ಜನರ ಹೆಸರಿತ್ತು ಕಣ್ರಿ. ವರ್ಷದ ಕೊನೆಗೆ ಗೋದಾಮು ಮುಚ್ತಾರೆ. ಅಲ್ಲಿವರೆಗೆ ಉಳಿದ ಮಾಲು ಖಾಲಿ ಮಾಡೋಕೆ ಹೊರಗಿನ ಜನ ತರೋರಿದ್ರು. ನಿಮ್ಮ ಕಾಗದ ತೋರಿಸಿ, ಇವರೊಬ್ಬರೇ ಸಾಕು ಅಂತ ಒಪ್ಪಿಸಿದೆ. ನಿಮ್ಮ ಹೆಸರು ತೆಗೆಸೋ ಹೊತ್ತಿಗೆ ನಂಗೆ ಸಾಕುಬೇಕಾಯ್ತು."

"ವರ್ಷದ ಕೊನೆಗೆ ಆ ಹದಿನೆಂಟು ತಿಂಗಳ ಸಂಬಳ ನನಗೂ..."

"ಅದು ಇವತ್ತು ಹೋಗೋರಿಗೆ ಮಾತ್ರ."

ಗುಮಾಸ್ತ ಮೇಜಿನ ಮೇಲಿದ್ದ ಕಾಗದದ ಕಡೆ ಕೈ ತೋರಿಸಿದ. "ಸಾರ್, ನನಗೆ ಬಿಲ್ಲಿಂಗ್ ಬರಲ್ಲ. ಪ್ಯಾಕಿಂಗೂ ಬರಲ್ಲ. ಆ ಕಾಗದದಲ್ಲಿರೋದು ಸುಳ್ಳು."

ಮ್ಯಾನೇಜರು ಕೈಯಲ್ಲಿದ್ದ ಕೆಲಸ ಬಿಟ್ಟು ಅವನನ್ನೇ ಮೆಚ್ಚುಗೆಯಿಂದ ನೋಡಿದರು. ಕಾಗದ ಎತ್ತಿಕೊಂಡು, ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಅವನ ಕಡೆ ತಿರುಗಿಸಿದರು. ಅಲ್ಲಿ ಭಾಮೈದ 'ಎಷ್ಟೇ ಬಲ್ಲವರಾದರೂ ಏನೂ ಬಾರದವರಂತೆ ಇರುವ ವಿನಯಶೀಲರು' ಎಂದು ಬರೆದಿದ್ದ.

"ಇದೊಂದು ಮಾತ್ರ ಸ್ವಲ್ಪ ಜಾಸ್ತಿಯಾಯ್ತು ಅನ್ಕೊಂಡಿದ್ದೆ," ಎಂದು ಮ್ಯಾನೇಜರು ಗೋದಾಮಿನ ನಾಲ್ಕೂ ಬೀಗದ ಕೈಗಳನ್ನು ಅವನ ಅಂಗೈಯಲ್ಲಿಟ್ಟರು. "ಇದೂ ನಿಜಾನೇ."