ಚಿಕ್ಕಪ್ಪ ಕದ್ದ ಕರುವಿನ ಮುಖ

ನಮ್ಮ ಚಿಕ್ಕಪ್ಪ ಕಳ್ಳ. ಇದನ್ನು ನಾನು ಗುಟ್ಟಾಗಿ ಹೇಳುತ್ತಿಲ್ಲ. ಅಲ್ಲಾಳಸಂದ್ರದ ಕೆರೆಯ ಸುತ್ತ ಬೆಳಿಗ್ಗೆ ವಾಕಿಂಗ್ ಮಾಡುವ ಯಾರನ್ನು ಬೇಕಾದರೂ ಕೇಳಿ, ಹೌದು ಹೌದು ಎಂದು ತಲೆಯಾಡಿಸುತ್ತಾರೆ. ಆದರೆ ಅವರು ಬೇರೆ ಕಳ್ಳರ ಹಾಗೆ ಪರರ ಸೊತ್ತಿಗೆ ಕೈ ಹಾಕುವವರಲ್ಲ. ತಾವು ಕೊಟ್ಟ ಉಡುಗೊರೆಯಿಂದ ತಾವೇ ಕದಿಯುತ್ತಾರೆ! ಕದ್ದ ಮಾಲು ಎಲ್ಲಿದೆ ಎಂದು ತಾವೇ ಹೇಳುತ್ತಾರೆ. ಬಂದು ತೆಗೆದುಕೊಂಡು ಹೋಗಿ ಎಂದು ವಿಳಾಸವನ್ನೂ ಕೊಡುತ್ತಾರೆ. ಇಂಥವರನ್ನು ಯಾವ ಪೊಲೀಸ್ ಸ್ಟೇಷನ್ನಿಗೆ ಹಿಡಿದುಕೊಡುವುದು, ನೀವೇ ಹೇಳಿ?

ಈ ಕಳ್ಳತನದ ಮೂಲ ಒಂದು ಮಷೀನು. ಅದರ ಹೆಸರು ಸ್ಕ್ರೋಲ್ ಸಾ. ಹೊಲಿಗೆ ಮಷೀನಿನ ತಮ್ಮನ ಹಾಗಿದೆ. ಸೂಜಿ ಇರಬೇಕಾದ ಜಾಗದಲ್ಲಿ ದಾರದಷ್ಟು ಸಣ್ಣ ಗರಗಸದ ಬ್ಲೇಡು. ಅದು ಮೇಲೆ ಕೆಳಗೆ ಓಡುತ್ತಿರುತ್ತದೆ, ನೀವು ಮರದ ಹಲಗೆಯನ್ನು ಅದರ ಮುಂದಿಟ್ಟು ಬೇಕಾದ ಹಾಗೆ ತಿರುಗಿಸುತ್ತೀರಿ. ಎಲೆ, ಹೂವು, ನವಿಲು, ನಿಮ್ಮ ಮಾವನ ಮೂಗು, ಏನು ಬೇಕಾದರೂ ಕತ್ತರಿಸಬಹುದು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಕಬ್ಬಿಣ ಕೊರೆದ ಚಿಕ್ಕಪ್ಪ ನಿವೃತ್ತರಾದ ವಾರಕ್ಕೇ ಇದನ್ನು ತಂದು ಕಾರು ನಿಲ್ಲಿಸುವ ಜಾಗದಲ್ಲಿ ಪ್ರತಿಷ್ಠಾಪನೆ ಮಾಡಿದರು. ಅಂದಿನಿಂದ ಕಾರು ರಸ್ತೆಯಲ್ಲಿ ನಿಲ್ಲುತ್ತಿದೆ.

"ನಮ್ಮನೆ ಸಾರಿನಲ್ಲಿ ಬೇಳೆಗಿಂತ ತೇಗದ ಪುಡೀನೇ ಜಾಸ್ತಿ ಕಣೇ," ಎನ್ನುತ್ತಾರೆ ಚಿಕ್ಕಮ್ಮ. ಚಿಕ್ಕಪ್ಪ ಮನೆಯೊಳಗೆ ಬರಬೇಕಾದರೆ ಬಾಗಿಲಲ್ಲಿ ಎರಡೂ ಕೈ ಎತ್ತಿ ನಿಲ್ಲಬೇಕು. ಚಿಕ್ಕಮ್ಮ ಟವಲಿನಿಂದ ಹಿಂದೆ ನಾಲ್ಕು, ಮುಂದೆ ನಾಲ್ಕು ಬಾರಿಸಿ, ಧೂಳು ಉದುರಿದ ಮೇಲೆಯೇ ಪ್ರವೇಶ. ಹೊಸದಾಗಿ ಬಂದ ಪಕ್ಕದ ಮನೆಯವರು ಮೊದಲ ವಾರ ಇದನ್ನು ನೋಡಿ ಗಾಬರಿಯಾಗಿ, "ಆಂಟೀ, ಏನಾದ್ರೂ ಇದ್ರೆ ಕೂತು ಮಾತಾಡೋಣ," ಎಂದಿದ್ದರಂತೆ!

ಚಿಕ್ಕಪ್ಪನ ವಿಶೇಷವೆಂದರೆ ಮರದ ಜೋಡಣೆ ಚಿತ್ರಗಳು. ತೇಗದ ಹಲಗೆಯ ಮೇಲೆ ಚಿತ್ರ ಬರೆದು, ಅದನ್ನು ಅಂಕುಡೊಂಕಾದ ನಲವತ್ತೋ ಐವತ್ತೋ ಪೀಸು ಮಾಡಿ, ಒಂದಕ್ಕೊಂದು ಕಚ್ಚಿ ಕೂರುವ ಹಾಗೆ ಜೋಡಿಸಿ ಚೌಕಟ್ಟು ಹಾಕುತ್ತಾರೆ. ಮದುವೆ, ನಾಮಕರಣ, ಬಡ್ತಿ, ಬಾಳೆಗೊನೆ ಕಡಿದ ಸಂಭ್ರಮ, ಯಾವುದೇ ಇರಲಿ ಅವರಿಂದ ಒಂದು ಚಿತ್ರ ಖಂಡಿತ. ಮತ್ತು ಆ ಚಿತ್ರದಲ್ಲಿ ಒಂದು ಪೀಸು ಕಮ್ಮಿ ಇರುವುದೂ ಅಷ್ಟೇ ಖಂಡಿತ! ಆ ಪೀಸಿನ ಹಿಂದೆ ಪೆನ್ಸಿಲಿನಲ್ಲಿ ನಿಮ್ಮ ಹೆಸರು ಬರೆದು, ಬಿಸ್ಕತ್ತಿನ ಹಳೇ ಡಬ್ಬಿಯೊಳಗೆ ಇಟ್ಟಿರುತ್ತಾರೆ. ಅದು ಬೇಕಿದ್ದರೆ ಭಾನುವಾರ ಅವರ ಮನೆಗೆ ಹೋಗಿ, ಕಾಫಿ ಕುಡಿದು, ನಿಮ್ಮ ಕೈಯಾರೆ ತೆಗೆದುಕೊಂಡು ಬರಬೇಕು. ಅದು ಕಾನೂನು.

"ಸರ್, ಕೊರಿಯರ್ ಮಾಡ್ಬಿಡಿ," ಎಂದು ಯಾರೋ ಒಮ್ಮೆ ಫೋನಿನಲ್ಲಿ ಕೇಳಿದರು.

"ಮಾಡ್ತೀನಿ ಸ್ವಾಮಿ. ಕಾಫೀನೂ ಅದ್ರಲ್ಲೇ ಹಾಕ್ಲಾ, ಇಲ್ಲ ಬೇರೆ ಕಳಿಸ್ಲಾ?" ಎಂದರು ಚಿಕ್ಕಪ್ಪ.

ಯಾಕೆ ಈ ಹುಚ್ಚು ಎಂದು ನಾನೂ ಕೇಳಿದ್ದೆ. "ನೋಡು ಪುಟ್ಟಿ, ಪೂರ್ತಿ ಕೊಟ್ಟ ಉಡುಗೊರೆ ಸೀದಾ ಅಟ್ಟಕ್ಕೆ ಹೋಗುತ್ತೆ. ಒಂದು ಪೀಸು ಬಾಕಿ ಇಟ್ಕೊಂಡ್ರೆ ಅದು ಜನಾನ ಮನೆಗೆ ಕರ್ಕೊಂಡ್ ಬರುತ್ತೆ," ಎಂದರು. ಪುಟ್ಟಿಗೆ ಆಗ ಮೂವತ್ತೆಂಟು ವರ್ಷ. ಈ ಪುಟ್ಟಿಯೇ ಮುಂದೆ ಒಂದು ಪೀಸಿಗಾಗಿ ಜಗಳವಾಡಿ ಮೂರು ವರ್ಷ ಆ ಮನೆಯ ಕಡೆ ತಲೆ ಹಾಕಲಿಲ್ಲ ಎಂಬುದನ್ನು ಹೇಳಲು ನನಗೆ ನಾಚಿಕೆ. ಹೇಳಲೇಬೇಕು, ಆಮೇಲೆ ಹೇಳುತ್ತೇನೆ.

ಮೊದಲು ಹಲ್ಲಿನ ಡಾಕ್ಟರ ಕಥೆ ಕೇಳಿ. ಚಿಕ್ಕಪ್ಪನ ದವಡೆ ಹಲ್ಲು ಕಿತ್ತ ಡಾಕ್ಟರಿಗೆ ಅವರು ಮೂವತ್ತೆರಡು ಹಲ್ಲಿನ ನಗುವ ಬಾಯಿಯೊಂದನ್ನು ಮಾಡಿಕೊಟ್ಟರು. ಇದ್ದದ್ದು ಮೂವತ್ತೊಂದು ಹಲ್ಲು. ದವಾಖಾನೆಯ ಗೋಡೆಯ ಮೇಲೆ ಹಲ್ಲುದುರಿದ ಬಾಯಿ ನೇತುಹಾಕಿಕೊಂಡರೆ ಯಾವ ರೋಗಿ ಬರುತ್ತಾನೆ? ಪಾಪ, ಡಾಕ್ಟರು ಯಲಹಂಕದಿಂದ ಸ್ಕೂಟರಿನಲ್ಲಿ ಬಂದರು. ಒಬ್ಬ ದಂತವೈದ್ಯ ರೋಗಿಯ ಮನೆಗೆ ಬಂದು ಹಲ್ಲು ಕೊಡಿ ಎಂದು ಕೇಳಿದ ದಾಖಲೆ ಬೇರೆಲ್ಲೂ ಇರಲಾರದು. ಬಂದವರು ಮಷೀನು ನೋಡಿದರು, ಮರುಳಾದರು, ಮುಂದಿನ ತಿಂಗಳು ತಾವೂ ಒಂದು ಕೊಂಡರು.

ಹೀಗೆ ಪೀಸು ಕೇಳಲು ಬಂದು ಸಿಕ್ಕಿಬಿದ್ದವರದ್ದೇ ಈಗ ಒಂದು ವಾಟ್ಸಾಪ್ ಗುಂಪು. ದಿನವಿಡೀ ಅದರಲ್ಲಿ ಸಲಹೆಗಳ ಸುರಿಮಳೆ. ಚಿತ್ರದ ಕಾಗದವನ್ನು ನೇರ ಮರಕ್ಕೆ ಅಂಟಿಸಬೇಡಿ, ಮೊದಲು ಮಾಸ್ಕಿಂಗ್ ಟೇಪ್ ಹಚ್ಚಿ, ಅದರ ಮೇಲೆ ಅಂಟಿಸಿ, ಆಮೇಲೆ ಸುಲಭವಾಗಿ ಕಿತ್ತು ಬರುತ್ತದೆ. ಬ್ಲೇಡನ್ನು ಬೆರಳಿನಿಂದ ಮೀಟಿದರೆ ತಂಬೂರಿಯ ಹಾಗೆ ಟಿಂಗ್ ಎನ್ನಬೇಕು, ಡುಬ್ ಎಂದರೆ ಬಿಗಿ ಸಾಲದು. ಒಮ್ಮೆ ಡಾಕ್ಟರು ಬ್ಲೇಡನ್ನು ತಲೆಕೆಳಗು ಹಾಕಿ, ಹಲಗೆ ಕಪ್ಪೆಯ ಹಾಗೆ ಕುಪ್ಪಳಿಸಿದ ವಿಡಿಯೋ ಹಾಕಿದರು. ಚಿಕ್ಕಪ್ಪ ಬರೆದರು: "ಡಾಕ್ಟ್ರೇ, ಹಲ್ಲು ಯಾವ ಕಡೆ ಇರ್ಬೇಕು ಅಂತ ನಿಮಗೇ ಗೊತ್ತಿಲ್ದಿದ್ರೆ ಹೆಂಗೆ? ಬ್ಲೇಡಿನ ಹಲ್ಲು ಯಾವಾಗ್ಲೂ ಕೆಳಮುಖ!"

ಗುಂಪಿನ ಇನ್ನೊಬ್ಬ ಹಿರಿಯರು ಭಾಯಿ. ಯಲಹಂಕದ ಹಳೇ ಊರಿನಲ್ಲಿ ಅವರದು ಪ್ಲೈವುಡ್ ಅಂಗಡಿ. ಕತ್ತರಿಸಿ ಉಳಿದ ತೇಗದ ತುಂಡುಗಳನ್ನು ಗೋಣಿಚೀಲದಲ್ಲಿ ತುಂಬಿ ಭಾನುವಾರ ಚಿಕ್ಕಪ್ಪನಿಗೆ ತಂದು ಕೊಡುವವರು ಅವರೇ. ಒಂದು ಸಲ ವಿಮಾನ ಪ್ರದರ್ಶನದ ತಾಲೀಮು ನಡೆಯುತ್ತಿದ್ದ ದಿನ ಚಿಕ್ಕಪ್ಪ ಆನೆಯ ಸೊಂಡಿಲು ಕತ್ತರಿಸುತ್ತಿದ್ದರು. ಉಸಿರು ಬಿಗಿಹಿಡಿದು ಮರ ತಿರುಗಿಸುತ್ತಿದ್ದಾಗ ನೆತ್ತಿಯ ಮೇಲೆ ಯುದ್ಧವಿಮಾನ ಗುಡುಗಿತು. ಕೈ ಜಾರಿತು, ಸೊಂಡಿಲು ಬುಡದಿಂದ ಕತ್ತರಿಸಿಹೋಯಿತು! ಚಿಕ್ಕಪ್ಪ ಆಕಾಶದ ಕಡೆ ಮುಷ್ಟಿ ಎತ್ತಿ ಕುಣಿದಾಡಿದರು. ಭಾಯಿ ಮಾತ್ರ ತುಂಡನ್ನು ತಿರುಗಿಸಿ ಮುರುಗಿಸಿ ನೋಡಿ, "ಯಾಕ್ ಸಾಬ್ ಟೆನ್ಸನ್? ಕಿವಿ ಸ್ವಲ್ಪ ಚಿಕ್ಕದ್ ಮಾಡಿ, ನೀರಾನೆ ಅಂತ ಕೊಟ್ಬಿಡಿ," ಎಂದರು. ಹಾಗೆಯೇ ಕೊಟ್ಟರು. ಪಡೆದವರು ಇಂದಿಗೂ ಅದನ್ನು ನೀರಾನೆ ಎಂದೇ ನಂಬಿದ್ದಾರೆ.

ಹೆಬ್ಬಾಳದ ಮೇಲ್ಸೇತುವೆಯನ್ನು ಇನ್ನೂರು ಪೀಸು ಮಾಡಿದ್ದು ಚಿಕ್ಕಪ್ಪನ ಜೀವನದ ಏಕೈಕ ಸೋಲು. ಎಂಟು ಜನ ಕೂತು ಬೆಳಿಗ್ಗೆಯಿಂದ ಸಂಜೆಯವರೆಗೆ ಒದ್ದಾಡಿದರೂ ಯಾವ ರಸ್ತೆ ಯಾವುದಕ್ಕೆ ಸೇರುತ್ತದೆಂದು ತಿಳಿಯಲಿಲ್ಲ. ಮಾಡಿದ ಚಿಕ್ಕಪ್ಪನಿಗೂ ತಿಳಿಯಲಿಲ್ಲ. ಅಸಲಿ ಸೇತುವೆಯ ಮೇಲೆ ದಿನಾ ಓಡಾಡುವವರಿಗಾದರೂ ತಿಳಿದಿದೆಯೇ?

ಈಗ ನನ್ನ ಕಥೆ.

ನಾವು ಆರ್.ಟಿ. ನಗರದಲ್ಲಿ ಮೂರನೇ ಮಹಡಿಯ ಫ್ಲ್ಯಾಟು ಕೊಂಡೆವು. ಗೃಹಪ್ರವೇಶಕ್ಕೆ ಹಸುವನ್ನು ಮನೆಯೊಳಗೆ ಕರೆತರಬೇಕೆಂಬುದು ನಮ್ಮತ್ತೆಯ ಆಸೆ. ಅಪಾರ್ಟ್‌ಮೆಂಟಿನ ಸಂಘದವರು ಹಸು ಲಿಫ್ಟಿನಲ್ಲಿ ಬರುವಂತಿಲ್ಲ, ಮೆಟ್ಟಿಲಲ್ಲೂ ಬರುವಂತಿಲ್ಲ, ಕೆಳಗೆ ಪಾರ್ಕಿಂಗಿನಲ್ಲೇ ಪೂಜೆ ಮಾಡಿ ಕಳಿಸಿ ಎಂದುಬಿಟ್ಟರು. ಅತ್ತೆಯ ಮುಖ ಬಾಡಿತು. ಈ ವಿಷಯ ನಾನೇ ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿದ್ದೆ. ಅವರು ಒಂದು ತಿಂಗಳು ಕೂತು ಹಸುವಿನ ಚಿತ್ರ ಕತ್ತರಿಸಿದರು. ನಿಜವಾದ ಹಸು ಮೇಲೆ ಬರದಿದ್ದರೆ ತೇಗದ ಹಸು ಬರಲಿ ಎಂಬುದು ಅವರ ಲೆಕ್ಕ. ತಾಯಿ ಹಸು, ಅದರ ಕಾಲ ಬಳಿ ಕತ್ತೆತ್ತಿ ನಿಂತ ಕರು.

ಗೃಹಪ್ರವೇಶದ ದಿನ ನೂರು ಜನರ ಎದುರು ಚಿತ್ರದ ಮೇಲಿನ ಬಟ್ಟೆ ಸರಿಸಿದರು. ಆಹಾ ಎಂಬ ಉದ್ಗಾರ ಎಲ್ಲರ ಗಂಟಲಲ್ಲಿ ಅರ್ಧಕ್ಕೇ ನಿಂತಿತು. ಕರುವಿಗೆ ತಲೆ ಇರಲಿಲ್ಲ! ಯಾವಾಗಲೂ ನಡುವಿನ ಪೀಸನ್ನೇ ಎತ್ತಿಟ್ಟುಕೊಳ್ಳುವ ಚಿಕ್ಕಪ್ಪ, ಆ ನಡುವಿನ ಪೀಸಿನಲ್ಲಿ ಏನಿದೆ ಎಂದು ಈ ಸಲ ಯೋಚಿಸಿಯೇ ಇರಲಿಲ್ಲ.

"ಅಯ್ಯೋ ಶಿವನೇ! ಶುಭಕಾರ್ಯದಲ್ಲಿ ತಲೆ ಇಲ್ಲದ ಕರುನಾ?" ಎಂದು ಅತ್ತೆ ಎದೆ ಹಿಡಿದುಕೊಂಡರು. ನೆಂಟರು ಪಿಸಪಿಸ ಶುರುಮಾಡಿದರು. ಬೆಳಗಿನಿಂದ ಹೋಮದ ಹೊಗೆ ಕುಡಿದು, ಉಪವಾಸವಿದ್ದು, ಮೊದಲೇ ಕುದಿಯುತ್ತಿದ್ದ ನಾನು ಬಾಯಿಗೆ ಬಂದದ್ದು ಅಂದುಬಿಟ್ಟೆ.

"ಎಲ್ಲರ ಮುಂದೆ ನನ್ನ ಮಾನ ಕಳೀಬೇಕು ಅಂತಾನೇ ತಂದ್ರಾ ಚಿಕ್ಕಪ್ಪ? ನಿಮ್ಮ ಹುಚ್ಚಾಟ ನಿಮ್ಮ ಮನೇಲಿ ಇಟ್ಕೊಳ್ಳಿ!"

ಚಿಕ್ಕಪ್ಪ ಬಟ್ಟೆಯನ್ನು ಮತ್ತೆ ಚಿತ್ರದ ಮೇಲೆ ಎಳೆದರು. "ತಪ್ಪಾಯ್ತು ಪುಟ್ಟಿ. ಭಾನುವಾರ ಬಾ, ಪೀಸು ಕೊಡ್ತೀನಿ," ಎಂದರು.

"ನಾನು ಬರಲ್ಲ," ಎಂದೆ.

ಬರಲಿಲ್ಲ, ಅಂದರೆ ಹೋಗಲಿಲ್ಲ. ಒಂದು ವಾರದಲ್ಲಿ ಸಿಟ್ಟು ಇಳಿಯಿತು, ಆಮೇಲೆ ನಾಚಿಕೆ ಏರಿತು. ಸಿಟ್ಟಾದರೆ ಇಳಿಯುತ್ತದೆ, ಈ ನಾಚಿಕೆ ಇದೆಯಲ್ಲ, ದಿನ ಕಳೆದಷ್ಟೂ ಬಲಿಯುತ್ತದೆ. ಆರ್.ಟಿ. ನಗರದಿಂದ ಅಲ್ಲಾಳಸಂದ್ರ ಏನು ಮಹಾ ದೂರ? ಹೆಬ್ಬಾಳದ ಟ್ರಾಫಿಕ್ಕು ಎಂದು ಮೂರು ವರ್ಷ ನೆಪ ಹೇಳಿದೆ! ನೆಂಟರ ಮದುವೆಗಳಲ್ಲಿ ಚಿಕ್ಕಪ್ಪ ಮುಹೂರ್ತಕ್ಕೆ ಬರುತ್ತಾರೆಂದು ಗೊತ್ತಾದರೆ ನಾನು ಹಿಂದಿನ ದಿನ ರಿಸೆಪ್ಷನ್ನಿಗೆ ಹೋಗಿ ಬರುತ್ತಿದ್ದೆ. ಹಬ್ಬಕ್ಕೆ ಫೋನಿನಲ್ಲಿ ಎರಡು ಮಾತು, ಅಷ್ಟೇ.

ಇತ್ತ ಮನೆಯಲ್ಲಿ ತಲೆಯಿಲ್ಲದ ಕರು. ಎಸೆಯೋಣವೆಂದರೆ ಹಸುವಿನ ಚಿತ್ರ ಕಸಕ್ಕೆ ಹಾಕುವುದುಂಟೇ ಎಂದು ಅತ್ತೆಯೇ ಬಿಡಲಿಲ್ಲ. ಅಡುಗೆಮನೆಯ ಪಕ್ಕದ ಗೋಡೆಗೆ ತೂಗುಹಾಕಿ, ದಿನಾ ಪೂಜೆಯಾದ ಮೇಲೆ ಆ ತೂತಿಗೆ ಒಂದು ಸೇವಂತಿಗೆ ಸಿಕ್ಕಿಸತೊಡಗಿದರು. ಹೀಗೆ ಮೂರು ವರ್ಷ ನಮ್ಮ ಕರುವಿಗೆ ಹೂವಿನ ಮುಖ. ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಅತ್ತೆ ಹೂ ಸಿಕ್ಕಿಸಲು ಹೋದವರು ಹಾಗೇ ನಿಂತರು.

"ನೋಡಮ್ಮ, ಈ ಕರು ಹುಟ್ಟಿದಾಗಿಂದ ತಾಯಿ ಮುಖಾನೇ ನೋಡಿಲ್ಲ. ನಿನ್ನ ಹಟಕ್ಕೆ ಅದಕ್ಯಾಕೆ ಶಿಕ್ಷೆ? ನಡಿ, ನಾನೂ ಬರ್ತೀನಿ," ಎಂದರು. ಅಪಶಕುನ ಎಂದು ಎದೆ ಹಿಡಿದುಕೊಂಡವರೂ ಇವರೇ! ಚಿತ್ರವನ್ನು ಟವಲಿನಲ್ಲಿ ಸುತ್ತಿ, ಎಳೆಗೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕೂತರು. ದಾರಿಯುದ್ದಕ್ಕೂ ನನಗೆ ಇಲ್ಲದ ಯೋಚನೆಗಳು. ಚಿಕ್ಕಪ್ಪ ಮುಖ ತಿರುಗಿಸಿದರೆ? ಆ ಪೀಸನ್ನು ಎಂದೋ ಎಸೆದಿದ್ದರೆ? ಅವತ್ತು ಹೆಬ್ಬಾಳದಲ್ಲಿ ಟ್ರಾಫಿಕ್ಕೂ ಇರಲಿಲ್ಲ, ನನ್ನ ಗ್ರಹಚಾರ.

ಗೇಟಿನಲ್ಲೇ ಚಿಕ್ಕಪ್ಪನ ದನಿ ಕೇಳಿಸಿತು. ಯಾರೋ ಹೊಸಬರಿಗೆ ಪಾಠ. "ತಳ್ಬೇಡ್ರೀ! ಮರಾನ ತಳ್ಬೇಡಿ. ಮಗೂಗೆ ಊಟ ಮಾಡಿಸ್ದಂಗೆ ಕೊಡ್ಬೇಕು. ತುರುಕಿದ್ರೆ ಬ್ಲೇಡು ಪಟ್ ಅನ್ನುತ್ತೆ. ಕಾಯ್ಬೇಕು ಕಣ್ರೀ, ತಾನಾಗೇ ಬರುತ್ತೆ." ಭಾಯಿ, ಡಾಕ್ಟರು, ಎಲ್ಲರೂ ಇದ್ದರು. ಚಿಕ್ಕಪ್ಪ ತಲೆ ಎತ್ತಿ ನನ್ನನ್ನು ನೋಡಿದರು. ಮಷೀನು ನಿಲ್ಲಿಸಿದರು.

"ಬಂದ್ಯಾ? ಕಾಲು ತೊಳ್ಕೊ. ಬನ್ನಿ ಬೀಗಿತ್ತಿಯಮ್ಮ, ಕೂತ್ಕೊಳ್ಳಿ," ಎಂದರು. ನಿನ್ನೆ ಹೋಗಿ ಇವತ್ತು ಬಂದವಳಿಗೆ ಹೇಳಿದ ಹಾಗೆ!

ನಾನು ಮಾತಿಗೆ ಹೆದರಿ ಸೀದಾ ಬಿಸ್ಕತ್ತಿನ ಡಬ್ಬಿಗೆ ಕೈ ಹಾಕಿದೆ. ಒಂದೊಂದೇ ಪೀಸು ತಿರುಗಿಸಿ ನೋಡಿದೆ. ಯಾರ್ಯಾರದೋ ಹೆಸರು. ನನ್ನದಿರಲಿಲ್ಲ. ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಇಲ್ಲ. ಕಣ್ಣು ಮಂಜಾಯಿತು.

"ಅಲ್ಲೆಲ್ಲಿರುತ್ತೆ?" ಎಂದರು ಕಾಫಿ ತಂದ ಚಿಕ್ಕಮ್ಮ. "ಅದು ನಿಮ್ಮ ಚಿಕ್ಕಪ್ಪನ ಜೇಬಲ್ಲಿದೆ. ಮೂರು ವರ್ಷದಿಂದ ಶರ್ಟು ಬದಲಾಯ್ಸಿದಾಗೆಲ್ಲ ಆ ಜೇಬಿಂದ ಈ ಜೇಬಿಗೆ. ಮರೆತು ನಾಲ್ಕು ಸಲ ಬಟ್ಟೆ ಜೊತೆ ವಾಷಿಂಗ್ ಮಷೀನಲ್ಲೂ ತಿರುಗಿದೆ. ಯಾಕ್ರೀ ಅಂದ್ರೆ, ಪುಟ್ಟಿ ದಾರೀಲೆಲ್ಲಾದ್ರೂ ಸಿಕ್ಬಿಟ್ರೆ ಕೊಟ್ಬಿಡೋಣ ಅಂತಾರೆ. ಒಂದೊಂದು ಮದುವೇಲೂ ಊಟದ ಹಾಲ್ ಬಾಗ್ಲಲ್ಲಿ ಜೇಬು ಮುಟ್ಕೊಂಡು ನಿಂತಿರೋರು."

ಕೊರಿಯರ್ ಮಾಡದ ಚಿಕ್ಕಪ್ಪ! ಮನೆಗೆ ಬಂದೇ ತೆಗೆದುಕೊಳ್ಳಬೇಕೆಂದು ಊರಿಗೆಲ್ಲ ಕಾನೂನು ಮಾಡಿದ ಚಿಕ್ಕಪ್ಪ, ನನಗಾಗಿ ಅದನ್ನು ಮುರಿದು, ಮದುವೆ ಛತ್ರದ ಬಾಗಿಲಲ್ಲಿ ನಿಂತಿದ್ದರು. ಆ ಹೊತ್ತಿನಲ್ಲಿ ನಾನು ಮನೆಯಲ್ಲಿ ಕೂತು, ಸದ್ಯ ತಪ್ಪಿಸಿಕೊಂಡೆ ಎಂದು ಟೀವಿ ನೋಡುತ್ತಿದ್ದೆ.

"ಅವತ್ತು ನಾನು ಹಾಗನ್ನಬಾರದಿತ್ತು ಚಿಕ್ಕಪ್ಪ," ಎಂದೆ. ಎಲ್ಲರೆದುರೇ ಬಿಕ್ಕಿ ಬಿಕ್ಕಿ ಅತ್ತೆನೆಂದು ಹೇಳಲು ನನಗೇನೂ ಸಂಕೋಚವಿಲ್ಲ. ಅಂದದ್ದೂ ಎಲ್ಲರೆದುರೇ ತಾನೇ?

"ಏ, ಬಿಡೇ. ನಂದೂ ತಪ್ಪೇ. ಅವತ್ತಿಂದ ನಾನು ಮುಖ ಇರೋ ಪೀಸು ಎತ್ತಿಟ್ಕೊಳ್ಳೋದೇ ಇಲ್ಲ," ಎಂದು ಜೇಬಿನಿಂದ ಕರುವಿನ ಮುಖ ತೆಗೆದುಕೊಟ್ಟರು. ನೀರು, ಸೋಪು, ಬೆರಳು ತಾಗಿ ತಾಗಿ ಅದರ ಅಂಚುಗಳೆಲ್ಲ ಸವೆದು ನುಣ್ಣಗಾಗಿದ್ದವು. ತೂತಿನಲ್ಲಿ ಕೂರಿಸಿದರೆ ಸಡಿಲ! ಚಿಕ್ಕಪ್ಪ ಬೇರೆ ಕತ್ತರಿಸುತ್ತೇನೆಂದು ಕನ್ನಡಕ ಏರಿಸಿದರು. ನಾನು ಬೇಡವೇ ಬೇಡ, ಇದೇ ಇರಲಿ ಎಂದು ಕಿತ್ತುಕೊಂಡೆ. ಭಾಯಿ ಹಿಂದಿನಿಂದ ಒಂದು ತೆಳು ಪಟ್ಟಿ ಹೊಡೆದು, ಬೀಳದ ಹಾಗೆ ಮಾಡಿಕೊಟ್ಟರು. ಹೊರಡುವಾಗ ಚಿಕ್ಕಪ್ಪ ಜೇಬು ತಟ್ಟಿಕೊಂಡು, "ಖಾಲಿ ಖಾಲಿ ಅನ್ಸುತ್ತೆ," ಎಂದರು. ಚಿತ್ರವನ್ನು ತಾವೇ ಟವಲಿನಲ್ಲಿ ಸುತ್ತಿ ಕಾರಿನಲ್ಲಿಟ್ಟರು.

ಮನೆಗೆ ಬಂದು ಗೋಡೆಗೆ ತೂಗುಹಾಕಿದೆವು. ಬಾಗಿಲು ಹಾಕಿದರೆ ಸಾಕು, ಸಡಿಲವಾದ ತಲೆಯನ್ನು ಕರು ಮೆಲ್ಲಗೆ ಆಡಿಸುತ್ತಿತ್ತು. ಅತ್ತೆ ಹತ್ತಿರ ಹೋಗಿ, ತಾಯಿಯನ್ನೂ ಮಗುವನ್ನೂ ಕಣ್ತುಂಬ ನೋಡಿ, ಇದ್ದಕ್ಕಿದ್ದಂತೆ ಕೂಗಿದರು.

"ಏನೇ! ಹಸುವಿನ ಬಾಲ ಎಲ್ಲಿ?"

ಓಡಿ ಹೋಗಿ ನೋಡಿದೆ. ಬಾಲದ ಪೀಸು ಇರಲಿಲ್ಲ. ಟವಲು ಕೊಡವಿದೆ, ಕಾರು ಹುಡುಕಿದೆ, ಆಮೇಲೆ ಹೊಳೆಯಿತು. ಫೋನು ಮಾಡಿದರೆ ಚಿಕ್ಕಪ್ಪ ಹಲೋ ಕೂಡ ಅನ್ನಲಿಲ್ಲ. "ಮುಂದಿನ ಭಾನುವಾರ ಬಾ," ಎಂದು ಇಟ್ಟುಬಿಟ್ಟರು.

ಕಳ್ಳ! ಅತ್ತೆ ಆಗಲೇ ಅಡುಗೆಮನೆಯಲ್ಲಿ ಚಕ್ಕುಲಿ ಒರಳು ಹುಡುಕುತ್ತಿದ್ದರು, ಮುಂದಿನ ವಾರ ಬರಿಗೈಲಿ ಹೋಗಬಾರದೆಂದು. ಮನೆಯಲ್ಲಿ ಕಳುವಾದದ್ದಕ್ಕೆ ಅಷ್ಟು ಖುಷಿಪಟ್ಟವಳು ಅವತ್ತು ಇಡೀ ಆರ್.ಟಿ. ನಗರದಲ್ಲಿ ನಾನೊಬ್ಬಳೇ ಇರಬೇಕು.